ಸಣ್ಣ ಹಾಯಿದೋಣಿ ತಗೊಂಡು ಕಡಲ ರೇಸಿಗೆ ಹೊಂಟೀರಾ? ಮೊದ್ಲು ಇವನ್ನ ಹೊಂದಿಸ್ರಿ

ಗಂಗಾವತಿ ಕಡೆ ಹುಡುಗ್ರಿಗೆ ನೀರಿನ ಭಯ ಕಮ್ಮಿ, ಆನೆಗೊಂದಿ ಹೊಳ್ಯಾಗ ಈಜಿ ತೆಪ್ಪದಾಗ ಆಡಿ ಬೆಳೆದವ್ರು, ಅದಕ್ಕ ಕಾರವಾರಕ್ಕೋ ಮಂಗಳೂರಿಗೋ ರೇಸಿಗೆ ಹೋದ್ರೂ "ಈಜು ಬರ್ತೈತಲ್ಲ, ಲೈಫ್ ಜಾಕೆಟ್ ಯಾಕ್ ಬೇಕೋ" ಅಂತಾರ. ಹೊಳ್ಯಾಗ ಬಿದ್ರ ಎರಡೂ ದಂಡಿ ಕಾಣ್ತಾವ. ಕಡಲಾಗ ಇರೋದ ಒಂದ ದಂಡಿ, ಬೆಳಗ್ಗೆ ಗಾಳಿ ನೆಲದಿಂದ ಕಡಲ ಕಡೆ ಬೀಸೋದ್ರಿಂದ ದಂಡಿ ಹತ್ರ ನೀರು ತಟ್ಟೆಹಂಗ ಸಪಾಟ ಕಾಣ್ತೈತಿ, ಒಳಗ ಹೋದಂಗ ಅಲೆ ಏಳ್ತಾವ, ವಾಪಸ್ ಬರಬೇಕಂದ್ರ ಎದುರುಗಾಳಿ.

ಜಾಕೆಟ್ಟಿನಾಗ ಹಲವು ತರ ಐತಿ, ಇಲ್ಲಿ ಎರಡು ನೋಡ್ರಿ. 50 ನ್ಯೂಟನ್‌ದು (ನ್ಯೂಟನ್ ಅಂದ್ರ ತೇಲಿಸೋ ಬಲದ ಅಳತಿ) ಈಜು ಬರೋವ್ನಿಗೆ, ಎಚ್ಚರ ಇದ್ದವ್ನಿಗೆ ತೇಲಾಕ ಸಹಾಯ ಅಷ್ಟ. 150ದು ಎಚ್ಚರ ತಪ್ಪಿದವ್ನ ಮುಖ ಮ್ಯಾಲಕ್ಕ ತಿರುಗಿಸೋ ಹಂಗ ಮಾಡಿರ್ತಾರ. ಮಗುಚೋ ಡಿಂಗಿಗೆ, ಅಂದ್ರ ಸಣ್ಣ ತೆರೆದ ಹಾಯಿದೋಣಿಗೆ, ಪಕ್ಕದಾಗ ರೆಸ್ಕ್ಯೂ ಬೋಟ್ ಇದ್ರ, ನಾನು 50ದ ಹಾಕ್ಕೋತೀನಿ, ಯಾಕಂದ್ರ ಗ್ಯಾಸ್ ತುಂಬಿ ಉಬ್ಬಿದ 150ದ ಜಾಕೆಟ್ ಹಾಕ್ಕೊಂಡು ಹಾಯಿ ಅಡಿಯಿಂದ ಹೊರಗ ಬರೋದು ಕಷ್ಟ. ದೂರದ ರೇಸಾದ್ರ 150, ತೊಡೆಸಂದಿ ಪಟ್ಟಿ ಕಟ್ಟೇ ಕಟ್ರಿ, ಇಲ್ಲಂದ್ರ ಜಾಕೆಟ್ ಮುಖಕ್ಕ ಏರಿ ಕುಂದರ್ತೈತಿ. ಜಾಕೆಟ್ ಉಬ್ಬಿಸೋ ಗ್ಯಾಸ್ ಸಿಲಿಂಡರ್ ಟೈಟ್ ಐತಾ, ಡೇಟ್ ಮುಗಿದೈತಾ ನೋಡ್ಕೊರಿ. ರೇಸ್ ಕಮಿಟಿ ವೈ ಬಾವುಟ, ಅಂದ್ರ ಹಳದಿ ಕೆಂಪು ಓರೆಪಟ್ಟಿದು, ಏರಿಸಿದ್ರ ಜಾಕೆಟ್ ಕಡ್ಡಾಯ, ವೆಟ್‌ಸೂಟ್ (ಮೈಗಂಟೋ ರಬ್ಬರ್ ಉಡುಪು) ಐತಲ್ಲ ಅಂದ್ರ ನಡೆಯಂಗಿಲ್ಲ.

ಮೊಬೈಲ್ ನಂಬಬ್ಯಾಡ್ರಿ. ಫೋನ್ ಮಾಡಿದ್ರ ಒಬ್ಬನ ಕೇಳ್ತಾನ, ವಿಎಚ್‌ಎಫ್ ರೇಡಿಯೋದಾಗ 16ನೇ ಚಾನೆಲ್‌ನಾಗ ಕೂಗಿದ್ರ ಸುತ್ತ ಅದ ಚಾನೆಲ್ ಹಚ್ಚಿರೋ ಬೋಟೆಲ್ಲ ಕೇಳ್ತಾವ. ಮೂರು ಸಲ ಮೇಡೇ (ಜೀವಕ್ಕ ಅಪಾಯ ಅನ್ನೋ ಕರೆ), ಬೋಟಿನ ಹೆಸ್ರು, ಎಲ್ಲಿದ್ದೀರಿ, ಏನಾಗೈತಿ, ಎಷ್ಟು ಜನ, ಇಷ್ಟು ಹೇಳ್ರಿ ಸಾಕು. ಕೈಯಾಗ ಹಿಡಿಯೋ ಸೆಟ್ ನೀರಿನ ಮಟ್ಟದಾಗ ಭಾಳ ದೂರ ಮುಟ್ಟಂಗಿಲ್ಲ, ಅದೂ ಗೊತ್ತಿರ್ಲಿ. ಫೋನ್ ಸಿಗೋ ಜಾಗದಾಗ ಕೋಸ್ಟ್ ಗಾರ್ಡ್ ನಂಬರ್ 1554.

ಸಣ್ಣಪುಟ್ಟ ಸಾಮಾನು ಮರ್ತರ ಅದ ದೊಡ್ಡ ತಲೆನೋವು. ನೀರು ಎತ್ತಿ ಹಾಕಾಕ ಹಗ್ಗ ಕಟ್ಟಿದ ಗಟ್ಟಿ ಬಕೆಟ್, ದೊಡ್ಡ ಬೋಟಿಗೆ 9 ಲೀಟರ್‌ದು. ನೀರಿಗೆ ಬಿದ್ದವ್ರಿಗೆ ಎಸೆಯಾಕ ತೇಲೋ ಹಗ್ಗ 15ರಿಂದ 25 ಮೀಟರ್. ಸಿಕ್ಕಿಬಿದ್ದ ಹಗ್ಗ ಕತ್ತರಿಸಾಕ ಚಾಕು, ಕೈಗೆ ಸಿಗೋ ಜಾಗದಾಗ. ಸೀಟಿ ಜಾಕೆಟ್ಟಿಗೇ ಕಟ್ಟಿರ್ಲಿ. ತಳದಾಗ ನೀರು ಪೈಪಿನ ತೂತಿದ್ರ ಪ್ರತಿಯೊಂದಕ್ಕೂ ಮೆತ್ತನ ಕಟ್ಟಿಗಿ ಬಿರಡೆ ಪಕ್ಕದಾಗ ಕಟ್ಟಿರಬೇಕು. ಫ್ಲೇರ್ (ಅಪಾಯ ಐತಿ ಅಂತ ತೋರ್ಸೋ ಬೆಂಕಿಕೋಲು) ಹಚ್ಚುವಾಗ ಗಾಳಿ ಹೋಗೋ ಕಡೆ ಹಿಡೀರಿ, ಹಾಯಿಗೆ ಕಿಡಿ ಬೀಳ್ತೈತಿ ಇಲ್ಲಂದ್ರ.

ಇನ್ನೊಂದು, ಬೋಟಿನ ನೀರು ಹೊರಗ ಬಿಡೋ ತೂತಿನ ಡ್ರೇನ್ ಬಿರಡೆ ಹಾಕಿದ್ಮ್ಯಾಲ ಬೆರಳು ಒತ್ತಿ ನೋಡ್ರಿ, ನಾನೇ ಒಮ್ಮೆ ಮರ್ತು ಅರ್ಧ ತಾಸಿನಾಗ ಮೊಣಕಾಲು ಮಟ ನೀರಾಗಿ ಗೆಳೆಯರ ಕೈಲಿ ಬೈಸ್ಕೊಂಡೀನಿ. ಕಡಲಿಗೆ ಹೋಗೋ ಮುಂಚೆ ದಂಡಿ ಹತ್ರ ಬೇಕಂತ ಒಮ್ಮೆ ಬೋಟ್ ಮಗುಚಿ, ಇಬ್ರ ಸೇರಿ ಎತ್ತಿ ನಿಲ್ಲಿಸಿ ನೋಡ್ರಿ, ಆಗ್ಲಿಲ್ಲ ಅಂದ್ರ ಆ ಸಲದ ರೇಸ್ ಬಿಟ್ಟಾಕ್ರಿ. ಇಳಿಬೇಕೋ ಬ್ಯಾಡೋ ಅನ್ನೋದು ನಿಯಮದ ಪ್ರಕಾರ ನಿಮ್ಮ ಜವಾಬ್ದಾರೀನ, ಕಮಿಟಿದಲ್ಲ. ಎಷ್ಟೊತ್ತಿಗೆ ವಾಪಸ್ ಬರ್ತೀರಿ ಅಂತ ದಂಡಿಮ್ಯಾಲ ಇರೋ ಒಬ್ರಿಗೆ ಹೇಳಿ ಹೋಗ್ರಿ, ಬಂದ ಕೂಡ್ಲೇ ಅವ್ರಿಗೆ ಬಂದೀವಿ ಅಂತ ಒಂದು ಮಾತು ತಿಳಿಸ್ರಿ.