ಸ್ಕೀಯಿಂಗ್ ವೃತ್ತಿ: ಲಾಭ ನಷ್ಟದ ಲೆಕ್ಕ ಹಾಕುವುದು ಹೇಗೆ?

ಸ್ಕೀಯಿಂಗ್ ನಂಬಿ ಬದುಕು ಕಟ್ಟಿಕೊಳ್ಳಬಹುದೇ ಎಂದು ಲೆಕ್ಕ ಹಾಕಲು ಕುಳಿತವರಲ್ಲಿ ಬಹುಪಾಲು ಮಂದಿ ಬಹುಮಾನದ ಮೊತ್ತದಿಂದ ಆರಂಭಿಸುತ್ತಾರೆ. ಲೆಕ್ಕ ಕೆಡುವುದು ಅಲ್ಲಿಯೇ. ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲಿ ಡೌನ್‌ಹಿಲ್ (ಇಳಿಜಾರಿನಲ್ಲಿ ಅತಿ ವೇಗದ ಓಟ) ಗೆದ್ದವರಿಗೆ ಸುಮಾರು 1 ಲಕ್ಷ ಯೂರೊ ಸಿಗುತ್ತದೆ, ಸ್ವಿಟ್ಜರ್ಲೆಂಡಿನ ಮಾರ್ಕೊ ಓಡರ್ಮಾಟ್ 2022–23ರ ಒಂದೇ ಋತುವಿನಲ್ಲಿ 9 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚು ಬಹುಮಾನ ಪಡೆದರು ಎಂಬುದೆಲ್ಲ ನಿಜ. ಆದರೆ ಕಂಬಗಳ ನಡುವೆ ಅಂಕುಡೊಂಕಾಗಿ ಎರಡು ಸಲ ಇಳಿಯಬೇಕಾದ ಸ್ಲಾಲಮ್‌ನ ವಿಶ್ವಕಪ್ ಸ್ಪರ್ಧೆಯಲ್ಲಿ, ಮೊದಲ ಓಟದಲ್ಲಿ 31ನೆಯವರಾಗಿ ಬಂದವರಿಗೆ ಎರಡನೆಯ ಓಟಕ್ಕೇ ಅವಕಾಶವಿಲ್ಲ. ಅವರ ವಿಮಾನದ ಟಿಕೆಟ್ಟು, ಹೋಟೆಲ್ ಬಾಡಿಗೆ ಮಾತ್ರ ಗೆದ್ದವರದಕ್ಕಿಂತ ಕಡಿಮೆಯಿರುವುದಿಲ್ಲ.

ಆದ್ದರಿಂದ ಮೊದಲ ಹಂತದಲ್ಲಿ ಖರ್ಚನ್ನು ಬರೆಯಿರಿ: ತರಬೇತಿ, ಪ್ರಯಾಣ, ವಸತಿ, ವಿಮೆ, ಸಲಕರಣೆ. ಪುರುಷರ ಸ್ಲಾಲಮ್‌ಗೆ ಕನಿಷ್ಠ 165 ಸೆಂ.ಮೀ. ಉದ್ದದ ಸ್ಕೀ ಬೇಕಾದರೆ ಡೌನ್‌ಹಿಲ್‌ಗೆ 218 ಸೆಂ.ಮೀ. ಬೇಕು; ಒಂದೇ ಜೋಡಿಯಲ್ಲಿ ಎಲ್ಲವೂ ನಡೆಯದು. ಅಗ್ಗಕ್ಕೆ ಸಿಗುತ್ತದೆಂದು ಸ್ಕೀ ಸಲೀಸಾಗಿ ಜಾರಲೆಂದು ತಳಕ್ಕೆ ಹಚ್ಚುವ ಹಳೆಯ ದಾಸ್ತಾನಿನ ಫ್ಲೋರಿನ್ ಮೇಣವನ್ನು ಮಾತ್ರ ಕೊಳ್ಳಬೇಡಿ. 2023–24ರಿಂದ ಅದಕ್ಕೆ ನಿಷೇಧವಿದ್ದು, ಆ ಋತುವಿನ ಮೊದಲ ವಿಶ್ವಕಪ್ ಸ್ಪರ್ಧೆಯಲ್ಲೇ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ನಾರ್ವೆಯ ರಾಗ್ನ್‌ಹಿಲ್ಡ್ ಮೊವಿಂಕಲ್ ಫ್ಲೋರಿನ್ ಪರೀಕ್ಷೆಯಲ್ಲಿ ಸಿಕ್ಕಿ ಅನರ್ಹರಾದರು.

ಎರಡನೆಯ ಹಂತದಲ್ಲಿ ಬಹುಮಾನದ ಕಲಮಿಗೆ ಸೊನ್ನೆ ಬರೆಯಿರಿ. ಬಂದರೆ ಬರಲಿ, ಆಗ ಸೇರಿಸಿಕೊಳ್ಳಬಹುದು.

ಮೂರನೆಯದು ಸಂಬಳ. ಇಟಲಿ, ಜರ್ಮನಿ, ಆಸ್ಟ್ರಿಯಾಗಳಲ್ಲಿ ಅನೇಕ ಸ್ಕೀಪಟುಗಳು ಸೇನೆ, ಪೊಲೀಸ್ ಅಥವಾ ಸುಂಕ ಇಲಾಖೆಯ ನೌಕರರು. ಒಲಿಂಪಿಕ್ ಚಾಂಪಿಯನ್ ಸೋಫಿಯಾ ಗೊಜ್ಜಾ ಕೂಡ ಇಟಲಿಯ ಹಣಕಾಸು ಪೊಲೀಸರ ಕ್ರೀಡಾ ತಂಡದವರೇ. ಇಂಥ ಹುದ್ದೆ ಸಿಗುವ ದೇಶದಲ್ಲಿ ಅದನ್ನು ಬಿಟ್ಟು ಪ್ರಾಯೋಜಕರನ್ನು ನೆಚ್ಚುವುದು ಅವಿವೇಕ ಎಂದೇ ನನ್ನ ಖಚಿತ ಅಭಿಪ್ರಾಯ.

ಬಹಳಷ್ಟು ಮಂದಿ ಎಡವುವುದು ನಾಲ್ಕನೆಯ ಹಂತವಾದ ಪ್ರಾಯೋಜಕತ್ವದಲ್ಲಿ. ಸ್ಕೀಪಟುವಿನ ಮೈಮೇಲೆ ಕಾಣುವ ಜಾಹೀರಾತುಗಳೆಲ್ಲ ಅವರವೇ ಎಂದು ನೋಡುವವರು ತಿಳಿಯುತ್ತಾರೆ. ವಾಸ್ತವದಲ್ಲಿ ಓಟದ ಉಡುಪಿನ ಮೇಲಿನ ಜಾಗವನ್ನು ಸಾಮಾನ್ಯವಾಗಿ ರಾಷ್ಟ್ರೀಯ ಒಕ್ಕೂಟವೇ ಮಾರುತ್ತದೆ. ಸ್ಕೀ, ಬೂಟುಗಳನ್ನು ಒದಗಿಸುವ ಕಂಪನಿಗಳ ಒಪ್ಪಂದ ಬೇರೆ. ಪಟು ತನ್ನದೆಂದು ಮಾರಿಕೊಳ್ಳಬಹುದಾದ ಮುಖ್ಯ ಜಾಗವೆಂದರೆ ಹೆಲ್ಮೆಟ್ಟಿನ ಅಥವಾ ತಲೆಪಟ್ಟಿಯ ಮುಂಭಾಗ. ಅಮೆರಿಕದ ಸ್ಕೀಪಟು ಮಿಕೇಲಾ ಶಿಫ್ರಿನ್ ಅವರ ಹಣೆಯ ಮೇಲೆ ಬರಿಲ್ಲಾ ಪಾಸ್ತಾದ ಹೆಸರು, ಓಡರ್ಮಾಟ್ ಅವರ ಹೆಲ್ಮೆಟ್ಟಿನ ಮೇಲೆ ರೆಡ್ ಬುಲ್ ಹೆಸರು ಇರುವುದು ಇದೇ ಕಾರಣಕ್ಕೆ. ಸಹಿ ಹಾಕುವ ಮುನ್ನ ನಿಮ್ಮ ಹಣೆ, ನಿಮ್ಮ ಫೋಟೊ, ನಿಮ್ಮ ಸಾಮಾಜಿಕ ಜಾಲತಾಣದ ಖಾತೆ ಯಾರ ಅಧೀನವೆಂದು ಒಪ್ಪಂದದ ಸಾಲು ಸಾಲನ್ನೂ ವಕೀಲರಿಂದ ಓದಿಸಿ. ಈ ಖರ್ಚಿನಲ್ಲಿ ಉಳಿತಾಯ ಬೇಡ. ಹಿಂದಿನ ಋತುವಿನಲ್ಲಷ್ಟೇ ಸ್ಲಾಲಮ್‌ನ ವಿಶ್ವಕಪ್ ಪ್ರಶಸ್ತಿ ಗೆದ್ದಿದ್ದ ಲೂಕಾಸ್ ಬ್ರಾಥೆನ್, ವಾಣಿಜ್ಯ ಹಕ್ಕುಗಳ ಕುರಿತು ನಾರ್ವೆಯ ಒಕ್ಕೂಟದೊಂದಿಗೆ ಜಗಳವಾಗಿ 2023ರ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಮರುವರ್ಷ ತಾಯಿಯ ದೇಶವಾದ ಬ್ರೆಜಿಲ್ ಪರವಾಗಿ ಮರಳಿದರು. ಅವರಿಗೆ ಎರಡನೆಯ ದೇಶವೊಂದಿತ್ತು, ಹೆಸರೂ ಇತ್ತು. ಹೊಸಬರಿಗೆ ಎರಡೂ ಇರುವುದಿಲ್ಲ.

ಐದನೆಯ ಹಂತದಲ್ಲಿ ಮೊಣಕಾಲಿನ ಲೆಕ್ಕ. ಮೊಣಕಾಲಿನ ಅಸ್ಥಿರಜ್ಜು ಹರಿದರೆ ಒಂದು ಋತು ಪೂರ್ತಿ ಕೈತಪ್ಪುವುದು ಸಾಮಾನ್ಯ. ಆದಾಯವಿಲ್ಲದ ಒಂದು ವರ್ಷವನ್ನು ಮೊದಲೇ ಲೆಕ್ಕದಲ್ಲಿ ಸೇರಿಸದವರು ಲೆಕ್ಕ ಹಾಕಿಲ್ಲವೆಂದೇ ಅರ್ಥ.

ಭಾರತದವರು ಈ ಹಂತಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಅನುಸರಿಸಬೇಕು. ಗುಲ್ಮಾರ್ಗ್ ಸಮೀಪದ ಆರಿಫ್ ಖಾನ್ 2018ರ ಒಲಿಂಪಿಕ್ಸ್ ಅರ್ಹತೆಗೆ ಬೇಕಾದ ಹಣ ಹೊಂದಿಸಲಾಗದೆ ಹಿಂದುಳಿದು, 2022ರಲ್ಲಿ ಬೀಜಿಂಗ್‌ಗೆ ಹೋದ ಭಾರತದ ಏಕೈಕ ಕ್ರೀಡಾಪಟುವಾಗಿ ಜೈಂಟ್ ಸ್ಲಾಲಮ್‌ನಲ್ಲಿ (ಕಂಬಗಳು ಇನ್ನೂ ದೂರ ದೂರವಿರುವ ಸ್ಲಾಲಮ್) 45ನೆಯವರಾದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಪದಕ ಗೆದ್ದವರಿಗೂ ಬಹುಮಾನದ ಹಣ ಕೊಡುವುದಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ಕಂಡು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ ಮನಸ್ಸು ಮಾಡುವ ನಮ್ಮ ಹುಡುಗ ಹುಡುಗಿಯರು ಸೇನೆ ಅಥವಾ ಐಟಿಬಿಪಿಯ (ಇಂಡೋ-ಟಿಬೆಟನ್ ಗಡಿ ಪೊಲೀಸ್) ನೇಮಕಾತಿಗೆ ವಯೋಮಿತಿ ಮೀರುವ ಮೊದಲೇ ಅರ್ಜಿ ಹಾಕಬೇಕು, ಸ್ಕೀ ಜೋಡಿಯನ್ನು ಕೊಳ್ಳುವುದು ಆಮೇಲೆ.