ಮಂಗಳ ದಪ್ಪಗಾಗದಂತೆ ನೋಡಿಕೊಳ್ಳುವ ಕೆಲಸ

ಶಿಲಾಗ್ರಹಗಳ, ಅಂದರೆ ಭೂಮಿ, ಮಂಗಳದಂಥ ಕಲ್ಲಿನ ಗ್ರಹಗಳ, ಹುಟ್ಟಿನ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ, ರಾತ್ರಿಯೆಲ್ಲ ದೂರದರ್ಶಕದ ಮುಂದೆ ಕೂರುತ್ತೇನೆ ಅಂದುಕೊಳ್ಳುವವರೇ ಹೆಚ್ಚು. ನನ್ನ ವೃತ್ತಿಯ ಬಹುಪಾಲು ಕಳೆದದ್ದು ಲಿನಕ್ಸ್ ಟರ್ಮಿನಲ್ ಎದುರು, ಕ್ಲಸ್ಟರ್‌ಗೆ (ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್‌ಗಳಿಗೆ) ಜಾಬ್ ಹಾಕಿ, ಅದು ಕ್ಯೂನಲ್ಲಿ ಮುಂದೆ ಸರಿಯುತ್ತದಾ ಎಂದು ನೋಡುತ್ತ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಜೆಸ್ಟ್ ಪ್ರವೇಶ ಪರೀಕ್ಷೆ ಬರೆದು ಪಿಎಚ್.ಡಿ.ಗೆ ಸೇರಿದೆ. ಗೈಡ್ ಕೊಟ್ಟ ಕೆಲಸ ಕೇಳಲು ಸರಳವಾಗಿತ್ತು. ಕಂಪ್ಯೂಟರಿನೊಳಗೆ ಸೂರ್ಯನ ಸುತ್ತ ನೂರರಷ್ಟು ಭ್ರೂಣಗ್ರಹಗಳನ್ನೂ (ಇನ್ನೂ ಬೆಳೆಯುತ್ತಿರುವ ಗ್ರಹಗಳನ್ನೂ) ಸಾವಿರಕ್ಕೂ ಹೆಚ್ಚು ಪುಟ್ಟ ಕಾಯಗಳನ್ನೂ ಬಿಡುವುದು, ಅವು ಒಂದನ್ನೊಂದು ಎಳೆದಾಡಿ ಡಿಕ್ಕಿ ಹೊಡೆದು ಏನಾಗುತ್ತವೆ ಅಂತ ನೋಡುವುದು. ಲೆಕ್ಕದ ಒಂದು ಹೆಜ್ಜೆ ಆರು ದಿನದ್ದು, ಸಾಗಬೇಕಾದದ್ದು 20 ಕೋಟಿ ವರ್ಷ. ಅಂದರೆ ಸುಮಾರು 1,200 ಕೋಟಿ ಹೆಜ್ಜೆ. ಇಷ್ಟಾಗಿಯೂ ಒಂದೇ ರನ್ ನಂಬುವಂತಿಲ್ಲ. ಒಂದು ಭ್ರೂಣವನ್ನು ಮೀಟರ್ ಆಚೆ ಸರಿಸಿ ಮತ್ತೆ ಓಡಿಸಿದರೆ ಬೇರೆಯೇ ಸೌರವ್ಯೂಹ ಬಂದು ಕೂರುತ್ತದೆ. ಹಾಗಾಗಿ ಹತ್ತಾರು ರನ್ ಹಾಕಿ, ಸಂಭವನೀಯತೆಯ ಭಾಷೆಯಲ್ಲೇ ಮಾತಾಡಬೇಕು.

ಭೂಮಿ, ಶುಕ್ರದಂಥವು ಹೇಗೋ ಬಂದುಬಿಡುತ್ತವೆ. ತಕರಾರು ಮಂಗಳದ್ದು. ಅದರ ದ್ರವ್ಯರಾಶಿ ಭೂಮಿಯದರ ಶೇ. 11ರಷ್ಟೂ ಇಲ್ಲ, ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಅದರ ಎಷ್ಟೋ ಪಟ್ಟು ಊದಿಕೊಳ್ಳುತ್ತದೆ. 1991ರಲ್ಲೇ ಜಾರ್ಜ್ ವೆದರಿಲ್ ಇದನ್ನು ಗುರುತಿಸಿದ್ದರು. ಕಚ್ಚಾ ಸಾಮಗ್ರಿ 0.7ರಿಂದ 1 ಖಗೋಳಮಾನದ (ಒಂದು ಖಗೋಳಮಾನ ಎಂದರೆ ಸೂರ್ಯನಿಂದ ಭೂಮಿಗಿರುವ ದೂರ) ನಡುವೆ ಮಾತ್ರ ಇದ್ದಿದ್ದರೆ ಪುಟ್ಟ ಮಂಗಳ ಸಿಗುತ್ತದೆ ಎಂದು 2009ರಲ್ಲಿ ಬ್ರಾಡ್ ಹ್ಯಾನ್ಸನ್ ತೋರಿಸಿದರು. ಗುರುಗ್ರಹ ಸೂರ್ಯನ ಕಡೆ ಒಳಗೆ ಬಂದು ಮಂಗಳದ ಆಸುಪಾಸಿನ ಸಾಮಗ್ರಿಯನ್ನು ಗುಡಿಸಿ ಹೊರಗೆ ಹೋಯಿತು ಎನ್ನುವ ಗ್ರ್ಯಾಂಡ್ ಟ್ಯಾಕ್ ಮಾದರಿ 2011ರಲ್ಲಿ ಬಂತು. ಕಥೆ ಚೆನ್ನಾಗಿದೆ. ಆದರೆ ಗುರುವನ್ನು ನಮಗೆ ಬೇಕಾದ ಕಡೆಯಿಂದಲೇ ತಿರುಗಿಸುವುದು ಸ್ವಲ್ಪ ಅತಿಯಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನನ್ನ ಕೆಲಸಕ್ಕೆ ನಿಜವಾದ ಪರೀಕ್ಷೆ ಸಿಕ್ಕಿದ್ದು ಉಲ್ಕಾಶಿಲೆಗಳನ್ನು ಅಳೆಯುವವರ ಜೊತೆ ಕೂರತೊಡಗಿದ ಮೇಲೆ. ಹಾಫ್ನಿಯಂ-182 ಸುಮಾರು 90 ಲಕ್ಷ ವರ್ಷಗಳ ಅರ್ಧಾಯುಷ್ಯದಲ್ಲಿ ಟಂಗ್‌ಸ್ಟನ್-182 ಆಗುತ್ತದೆ. ಹಾಫ್ನಿಯಂಗೆ ಕಲ್ಲಿನ ಸಹವಾಸ ಇಷ್ಟ, ಟಂಗ್‌ಸ್ಟನ್‌ಗೆ ಕಬ್ಬಿಣದ್ದು. ಗ್ರಹದ ಕಬ್ಬಿಣ ಬೇಗನೆ ಕೆಳಗಿಳಿದು ಕೇಂದ್ರ ಸೇರಿದ್ದರೆ, ಆಮೇಲೆ ಹುಟ್ಟಿದ ಟಂಗ್‌ಸ್ಟನ್ ಮೇಲಿನ ಕಲ್ಲಿನಲ್ಲೇ ಉಳಿಯುತ್ತದೆ, ಅಳತೆಗೆ ಸಿಗುತ್ತದೆ. ಮಂಗಳದ ಕಲ್ಲಿಗಾಗಿ ಅಲ್ಲಿಗೇ ಹೋಗಬೇಕಿಲ್ಲ: 1865ರಲ್ಲಿ ಬಿಹಾರದ ಶೇರ್ಘಾಟಿಯಲ್ಲಿ ಬಿದ್ದ ಉಲ್ಕೆಯೂ ಮಂಗಳದಿಂದಲೇ ಬಂದದ್ದು. ಇಂಥ ಉಲ್ಕೆಗಳ ಅಳತೆಯ ಆಧಾರದಲ್ಲಿ, ಮಂಗಳ ಸುಮಾರು 20 ಲಕ್ಷ ವರ್ಷದೊಳಗೇ ಅರ್ಧ ಬೆಳೆದಿತ್ತೆಂದು ನಿಕೊಲಾ ಡೋಫಾ ಮತ್ತು ಅಲಿ ಪುರ್‌ಮಂಡ್ 2011ರಲ್ಲಿ ಲೆಕ್ಕ ಹಾಕಿದರು. ಭೂಮಿಗೆ ಕೋಟಿಗಟ್ಟಲೆ ವರ್ಷ ಬೇಕಾಯಿತು.

ಅಲ್ಲಿಂದಾಚೆಗೆ ನಾನು ಮೊದಲು ತೆರೆಯುವುದು ಡಿಕ್ಕಿಗಳ ಲಾಗ್ ಫೈಲ್. ಯಾವುದು ಯಾವುದಕ್ಕೆ ಬಡಿಯಿತು, ಯಾವಾಗ, ಎಷ್ಟು ತೂಕ. ಅದರಿಂದ ಪ್ರತಿ ಗ್ರಹದ ಟಂಗ್‌ಸ್ಟನ್ ಲೆಕ್ಕ ತೆಗೆಯುತ್ತೇನೆ. ತೂಕ ಸರಿಯಿದ್ದ ಎಷ್ಟೋ ಮಂಗಳಗಳು ಇಲ್ಲಿ ಫೇಲಾಗುತ್ತವೆ. ತಡವಾಗಿ ಬಿದ್ದ ಒಂದು ದೊಡ್ಡ ಪೆಟ್ಟು ಸಾಕು.

ಪೋಸ್ಟ್‌ಡಾಕ್ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಎರಡು-ಮೂರು ವರ್ಷದ ಗುತ್ತಿಗೆ, ಊರೂರು ಅಲೆತ, ವೀಸಾ. ಈಗ ನನ್ನ ಗುಂಪಿಗೆ ಸೇರುವವರನ್ನು ಮೊದಲ ಸೆಮಿಸ್ಟರ್‌ನಲ್ಲೇ ಭೂರಸಾಯನಶಾಸ್ತ್ರದ ಕ್ಲಾಸಿಗೆ ಕಳಿಸುತ್ತೇನೆ. ಮುಖ ಹಿಂಡುತ್ತಾರೆ. ಕೋಡಿಂಗ್‌ಗೆ ಕಾಯಬೇಕಿಲ್ಲ; ಇಂಥ ಲೆಕ್ಕ ಮಾಡುವ ರೀಬೌಂಡ್ ತಂತ್ರಾಂಶ ಉಚಿತ, ಹಾಸ್ಟೆಲ್ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.