ಮೂಡ್ ಸರಿಯಿಲ್ಲವೇ? ಮೆದುಳಿನ ರಾಸಾಯನಿಕಗಳ ಜೊತೆ ಹೊಂದಿಕೊಂಡು ದಿನ ಕಳೆಯುವುದು ಹೇಗೆ

ಬೇಜಾರಾದರೆ ಡೋಪಮೈನ್ ಕಡಿಮೆ. ಖುಷಿಯಾದರೆ ಸೆರೊಟೋನಿನ್ ಜಾಸ್ತಿ. ಮೊಬೈಲ್ ತೆರೆದರೆ ಇಂಥ ಮಾತು ಕಣ್ಣಿಗೆ ಬೀಳದ ದಿನವಿಲ್ಲ. ಜೊತೆಗೆ ನಾಲ್ಕು ‘ಸಂತೋಷದ ಹಾರ್ಮೋನು’ಗಳ ಪಟ್ಟಿ, ಒಂದೊಂದನ್ನೂ ಹೆಚ್ಚಿಸುವ ಉಪಾಯ. ಕೇಳಲು ಚೆನ್ನಾಗಿರುತ್ತದೆ. ಆದರೆ ಒಂದು ರಾಸಾಯನಿಕಕ್ಕೆ ಒಂದು ಭಾವನೆ ಎಂಬ ಲೆಕ್ಕ ಮೆದುಳಿನಲ್ಲಿ ಇಲ್ಲ. ಆ ಲೆಕ್ಕವನ್ನು ನಂಬಿದವರು, ಉಪಾಯ ಫಲಿಸದಿದ್ದಾಗ ತಪ್ಪು ತಮ್ಮದೇ ಅಂದುಕೊಂಡು ಇನ್ನಷ್ಟು ಕುಗ್ಗುತ್ತಾರೆ. ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ.

ಯಾವ ರಾಸಾಯನಿಕವನ್ನೂ ನಾವು ಬೇಕೆಂದಾಗ ಏರಿಸಲು, ಇಳಿಸಲು ಆಗುವುದಿಲ್ಲ. ಆದರೆ ಅವು ಏರಿಳಿಯುವುದು ನಮ್ಮ ನಿದ್ದೆ, ಬೆಳಕು, ಓಡಾಟ, ಒಡನಾಟಗಳನ್ನು ಅನುಸರಿಸಿ. ಅಲ್ಲಿ ನಮ್ಮ ಕೈ ಆಡುತ್ತದೆ.

ಹೆಜ್ಜೆ 1: ಒಂದು ರಾಸಾಯನಿಕ, ಹತ್ತು ಕೆಲಸ ಎಂದು ತಿಳಿದಿರಿ

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹೆಚ್ಚಿನವು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ, ನಡುವೆ ಬಹಳ ಸಣ್ಣ ಸಂದು ಇರುತ್ತದೆ. ಒಂದು ಕೋಶದ ತುದಿಗೆ ವಿದ್ಯುತ್ ಸಂಕೇತ ಬಂದಾಗ ಅಲ್ಲಿಂದ ರಾಸಾಯನಿಕ ಹೊರಬೀಳುತ್ತದೆ. ಅದು ಸಂದನ್ನು ದಾಟಿ, ಮುಂದಿನ ಕೋಶದ ಮೇಲೆ ಅದನ್ನು ಹಿಡಿಯಲೆಂದೇ ಇರುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ. ಸುದ್ದಿ ಮುಟ್ಟಿತು.

ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ತೋರಿಸಿಕೊಟ್ಟವರು ಆಟೊ ಲೋವಿ ಎಂಬ ವಿಜ್ಞಾನಿ, 1921ರಲ್ಲಿ. ಅವರು ಎರಡು ಕಪ್ಪೆಗಳ ಹೃದಯ ತೆಗೆದುಕೊಂಡರು. ಒಂದರ ನರವನ್ನು ಕೆಣಕಿ ಬಡಿತ ನಿಧಾನವಾಗುವಂತೆ ಮಾಡಿದರು. ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ಅವರಿಗೆ ನೊಬೆಲ್ ಬಂತು.

ಈಗ ಮುಖ್ಯ ವಿಷಯ. ಒಂದು ರಾಸಾಯನಿಕ ಏನು ಮಾಡುತ್ತದೆ ಎನ್ನುವುದು ಅದು ಮೆದುಳಿನ ಯಾವ ಭಾಗದಲ್ಲಿ, ಯಾವ ಗ್ರಾಹಕಕ್ಕೆ ತಾಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಸೆರೊಟೋನಿನ್‌ಗೆ ಕನಿಷ್ಠ 14 ಬಗೆಯ ಗ್ರಾಹಕಗಳಿವೆ. ಅದು ನಿದ್ದೆಯಲ್ಲೂ ಇದೆ, ಹಸಿವಿನಲ್ಲೂ ಇದೆ, ವಾಂತಿಯಲ್ಲೂ ಇದೆ. ಮೈಯಲ್ಲಿರುವ ಸೆರೊಟೋನಿನ್‌ನ ಸುಮಾರು ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿ, ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಹಾಗಾಗಿ ‘ಇದನ್ನು ತಿಂದರೆ ಮೆದುಳಿಗೆ ಸೆರೊಟೋನಿನ್ ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಡೋಪಮೈನ್ ಕಥೆಯೂ ಹೀಗೆಯೇ. 1950ರ ದಶಕದ ಕೊನೆಯಲ್ಲಿ ಆರ್ವಿಡ್ ಕಾರ್ಲ್ಸನ್ ಎಂಬ ವಿಜ್ಞಾನಿ ಮೊಲಗಳಿಗೆ ಡೋಪಮೈನ್ ಬರಿದು ಮಾಡುವ ರೆಸರ್ಪಿನ್ ಔಷಧ ಕೊಟ್ಟಾಗ ಅವು ಅಲ್ಲಾಡದೆ ಬಿದ್ದುಕೊಂಡವು. ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟಾಗ ಮತ್ತೆ ಎದ್ದು ಓಡಾಡಿದವು. ಡೋಪಮೈನ್ ಇಲ್ಲದೆ ಮೈ ಚಲಿಸುವುದೇ ಕಷ್ಟ ಎಂದು ಹಾಗೆ ಗೊತ್ತಾಯಿತು. ಪಾರ್ಕಿನ್ಸನ್ ಕಾಯಿಲೆಯ ಔಷಧಕ್ಕೆ ದಾರಿ ತೆರೆದದ್ದು ಆ ಕೆಲಸ. ಬರೀ ‘ಖುಷಿಯ ರಾಸಾಯನಿಕ’ ಅಂದುಬಿಟ್ಟರೆ ಇದೆಲ್ಲ ಬಿಟ್ಟುಹೋಗುತ್ತದೆ, ಅಲ್ವಾ?

ಹೆಜ್ಜೆ 2: ಬೆಳಗಿನ ಬೆಳಕು, ರಾತ್ರಿಯ ನಿದ್ದೆ ಮೊದಲು ಸರಿಮಾಡಿ

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಒಂದೇ ಒಂದನ್ನು ಆರಿಸಬೇಕಾದರೆ ನಿದ್ದೆಯನ್ನೇ ಆರಿಸಿ ಎನ್ನುತ್ತೇನೆ.

ಎಚ್ಚರವಾದ ಮೇಲಿನ ಮೊದಲ ಅರ್ಧ, ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಏರುತ್ತದೆ. ಇದನ್ನು ಎಲ್ಲರೂ ‘ಒತ್ತಡದ ಹಾರ್ಮೋನು’ ಎಂದು ಬೈಯುತ್ತಾರೆ. ಆದರೆ ಬೆಳಗಿನ ಈ ಏರಿಕೆ ನಮ್ಮನ್ನು ದಿನಕ್ಕೆ ಸಿದ್ಧ ಮಾಡುತ್ತದೆ. ತೊಂದರೆ ಶುರುವಾಗುವುದು ಒತ್ತಡ ಮುಗಿಯದೆ, ಕಾರ್ಟಿಸಾಲ್ ಇಳಿಯಬೇಕಾದ ಹೊತ್ತಿನಲ್ಲೂ ಇಳಿಯದಿದ್ದಾಗ.

ಎದ್ದು ಸ್ವಲ್ಪ ಹೊತ್ತಿನಲ್ಲೇ ಹೊರಗಿನ ಬೆಳಕಿಗೆ ಹೋಗಿ. ಕಿಟಕಿ ಪಕ್ಕ ಕೂತರೆ ಸಾಕೇ? ಅಷ್ಟು ಸಾಲದು. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ಮೋಡ ಕವಿದ ಹಗಲಿನಲ್ಲೂ ಹೊರಗೆ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಕಣ್ಣಿಗೆ ಬೀಳುವ ಈ ಬೆಳಕಿನಿಂದ ಮೆದುಳಿನೊಳಗಿನ ಗಡಿಯಾರ ಹೊತ್ತು ಸರಿಮಾಡಿಕೊಳ್ಳುತ್ತದೆ. ನಿದ್ದೆಯ ಹೊತ್ತಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ರಾತ್ರಿ ಯಾವಾಗ ಬರಬೇಕು ಎಂದು ನಿರ್ಧಾರವಾಗುವುದು ಅದರಿಂದಲೇ. ಮಲಗುವ ಮುಂಚೆ ದೀಪ ಮಂದ ಮಾಡಿ ಅನ್ನುವುದೂ ಇದೇ ಕಾರಣಕ್ಕೆ.

ಕಾಫಿ, ಚಹಾ ಕುಡಿಯುವವರು ಇನ್ನೊಂದು ಹೆಸರು ತಿಳಿದಿರಬೇಕು: ಅಡೆನೊಸಿನ್. ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಇದು ಸೇರುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಹೆಚ್ಚುತ್ತದೆ. ಇದು ಕೂರಬೇಕಾದ ಗ್ರಾಹಕದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ದಣಿವು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ 5ಕ್ಕೆ ಕುಡಿದದ್ದರ ಅರ್ಧ ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ. ನಿದ್ದೆ ಬರುತ್ತಿಲ್ಲ ಎನ್ನುವವರು ಮಧ್ಯಾಹ್ನದ ನಂತರದ ಕಪ್ಪನ್ನು ಎರಡು ವಾರ ಬಿಟ್ಟು ನೋಡಿ.

ವಯಸ್ಕರಿಗೆ 7 ಗಂಟೆಯಾದರೂ ನಿದ್ದೆ ಬೇಕು. ನಿದ್ದೆಗೆಟ್ಟ ಮರುದಿನ ಸಣ್ಣ ಮಾತಿಗೂ ಸಿಟ್ಟು ಬರುತ್ತದಲ್ಲ, ಅದು ನಿಮ್ಮ ಸ್ವಭಾವ ಕೆಟ್ಟದ್ದು ಅಂತಲ್ಲ. ಭಯ, ಸಿಟ್ಟುಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗ ಅಂದು ಹೆಚ್ಚು ಜೋರಾಗಿ ಪ್ರತಿಕ್ರಿಯಿಸುತ್ತದೆ. ಅದನ್ನು ಹಿಡಿದಿಡುವ ಮುಂಭಾಗದ ಮೆದುಳಿನ ಹಿಡಿತ ಸಡಿಲವಾಗಿರುತ್ತದೆ.

ಹೆಜ್ಜೆ 3: ಮನಸ್ಸು ಬರುವವರೆಗೆ ಕಾಯದೆ ಮೈ ಅಲ್ಲಾಡಿಸಿ

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗದ ನಡಿಗೆ ಸಾಕು. ಶುರುವಿಗೆ ಹತ್ತು ನಿಮಿಷ ನಡೆಯಿರಿ.

ಓಡಿದ ಮೇಲೆ ಬರುವ ಹಗುರವಾದ ಖುಷಿಯನ್ನು ಬಹಳ ಕಾಲ, ನೋವು ತಗ್ಗಿಸುವ ಎಂಡಾರ್ಫಿನ್ ಲೆಕ್ಕಕ್ಕೆ ಹಾಕಲಾಗಿತ್ತು. ಆದರೆ ರಕ್ತದಲ್ಲಿ ಏರಿದ ಎಂಡಾರ್ಫಿನ್ ಸುಲಭವಾಗಿ ಮೆದುಳಿಗೆ ಹೋಗುವುದಿಲ್ಲ. ಮೈಯೇ ತಯಾರಿಸುವ, ಗಾಂಜಾದಲ್ಲಿರುವ ರಾಸಾಯನಿಕದಂತೆ ಕೆಲಸ ಮಾಡುವ ಎಂಡೊಕ್ಯಾನಬಿನಾಯ್ಡ್‌ಗಳ ಪಾತ್ರ ಅದರಲ್ಲಿ ದೊಡ್ಡದು ಎನ್ನುತ್ತವೆ ಈಚಿನ ಅಧ್ಯಯನಗಳು. ಯಾವುದರಿಂದ ಬಂದರೂ ನಡಿಗೆಯ ಲಾಭ ಲಾಭವೇ.

ಖಿನ್ನತೆಯಲ್ಲಿರುವವರಿಗೆ ಇದನ್ನು ಸ್ವಲ್ಪ ಬೇರೆಯಾಗಿ ಹೇಳಬೇಕು. ‘ಮನಸ್ಸಿದ್ದರೆ ಆಗುತ್ತೆ, ಸುಮ್ನೆ ಎದ್ದು ಓಡು’ ಎಂದು ಅವರಿಗೆ ಹೇಳುವುದು ಕ್ರೂರ. ಎದ್ದು ಬಾಗಿಲವರೆಗೆ ಹೋಗುವುದೇ ಅವರಿಗೆ ಇವತ್ತಿನ ಕೆಲಸವಾಗಿರಬಹುದು. ಮೊದಲು ಸಣ್ಣ ಕೆಲಸ, ಆಮೇಲೆ ಮನಸ್ಸು ಎಂಬ ಈ ಕ್ರಮವನ್ನು ಚಿಕಿತ್ಸಕರೂ ಬಳಸುತ್ತಾರೆ. ಆದರೆ ಅಲ್ಲಿ ಜೊತೆಗೆ ಒಬ್ಬರು ಇರುತ್ತಾರೆ.

ಹೆಜ್ಜೆ 4: ಬೇಕು ಅನ್ನಿಸುವುದನ್ನೂ ಹಿಡಿಸುವುದನ್ನೂ ಬೇರೆ ಮಾಡಿ ನೋಡಿ

ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ವುಲ್ಫ್ರಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಡೋಪಮೈನ್ ಕೋಶಗಳನ್ನು ಗಮನಿಸಿದರು. ಹಣ್ಣಿನ ರಸ ಅಚಾನಕ್ಕಾಗಿ ಸಿಕ್ಕಾಗ ಆ ಕೋಶಗಳು ಚುರುಕಾದವು. ರಸಕ್ಕೆ ಮುಂಚೆ ಒಂದು ಸೂಚನೆ ಕೊಡುತ್ತಾ ಬಂದಾಗ ಕೋತಿ ಅದನ್ನು ಕಲಿಯಿತು. ಆಮೇಲೆ ಕೋಶಗಳು ಚುರುಕಾದದ್ದು ಸೂಚನೆಗೆ. ರಸ ಬಂದಾಗ ಅವು ವಿಶೇಷವಾಗಿ ಸ್ಪಂದಿಸಲೇ ಇಲ್ಲ. ಸೂಚನೆ ಕೊಟ್ಟು ರಸ ಕೊಡದಿದ್ದಾಗ, ರಸ ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಅವುಗಳ ಚಟುವಟಿಕೆ ಇಳಿಯಿತು. ಅಂದರೆ ಡೋಪಮೈನ್ ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ಅಳೆಯುತ್ತದೆ.

ಕೆಂಟ್ ಬೆರಿಜ್ ಎಂಬ ಇನ್ನೊಬ್ಬ ವಿಜ್ಞಾನಿ ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಡೋಪಮೈನ್ ಬಹುತೇಕ ಇಲ್ಲವಾದ ಇಲಿಗಳು ಆಹಾರದ ಕಡೆ ಹೋಗುವುದನ್ನೇ ಬಿಟ್ಟವು. ಆದರೆ ಬಾಯಿಗೆ ಸಿಹಿ ಹಾಕಿದರೆ ಹಿಡಿಸಿದಾಗ ಮಾಡುವ ಮುಖವನ್ನೇ ಮಾಡಿದವು. ಬೇಕು ಅನ್ನಿಸುವುದಕ್ಕೂ ಹಿಡಿಸುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ದಾರಿ ಇದೆ.

ಈಗ ಮೊಬೈಲ್ ನೆನಪಿಸಿಕೊಳ್ಳಿ. ಮುಂದಿನದು ಏನಿರಬಹುದು ಎಂಬ ಆಸೆಗೆ ಬೆರಳು ಓಡುತ್ತಲೇ ಇರುತ್ತದೆ. ಒಂದು ಗಂಟೆ ಕಳೆದ ಮೇಲೆ ಹಿಡಿಸಿತೇ ಎಂದು ಕೇಳಿಕೊಂಡರೆ ಇಲ್ಲ ಎನ್ನುವ ಉತ್ತರವೇ ಹೆಚ್ಚು. ಹಾಗಾಗಿ ಒಂದು ವಾರ ಹೀಗೆ ಮಾಡಿ. ಬಿಡುವಿನ ಹೊತ್ತಿನಲ್ಲಿ ಏನೇ ಮಾಡಿದರೂ ಮುಗಿಸಿದ ಮೇಲೆ ‘ಈಗ ಹೇಗಿದೆ’ ಎಂದು ಒಂದು ಪದ ಬರೆದಿಡಿ. ಮಾಡುವ ಮುಂಚೆ ತುಂಬಾ ಬೇಕು ಅನ್ನಿಸಿ, ಆಮೇಲೆ ಬರಿದೆನಿಸಿದ್ದು ಯಾವುದು ಎಂದು ನಿಮಗೇ ಕಾಣುತ್ತದೆ. ಅದರ ಸೂಚನೆಗಳನ್ನು ಕಣ್ಣಿಂದ ದೂರ ಮಾಡಿ. ನೋಟಿಫಿಕೇಷನ್ ಆಫ್ ಮಾಡಿ. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿರಲಿ.

‘ಡೋಪಮೈನ್ ಉಪವಾಸ’ ಎಂಬ ಮಾತೂ ಓಡಾಡುತ್ತಿದೆ. ಫೋನ್ ಬಿಟ್ಟರೆ ಡೋಪಮೈನ್ ಖಾಲಿಯಾಗಿ ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ನಿಜವಲ್ಲ. ಬದಲಾಗುವುದು ಅಭ್ಯಾಸ. ಅದು ಬದಲಾದರೂ ಲಾಭವೇ.

ಹೆಜ್ಜೆ 5: ಜನ ಬೇಕು, ಮದ್ಯ ಬೇಡ

ಆಕ್ಸಿಟೋಸಿನ್ ಅನ್ನು ಪ್ರೀತಿಯ ಹಾರ್ಮೋನು ಎನ್ನುತ್ತಾರೆ. ಹೆರಿಗೆಯಲ್ಲಿ, ಹಾಲುಣಿಸುವುದರಲ್ಲಿ ಅದರ ಕೆಲಸ ಸ್ಪಷ್ಟ. ಭಾವನೆಯ ವಿಷಯಕ್ಕೆ ಬಂದರೆ ಅದರ ಪರಿಣಾಮ ಸಂದರ್ಭವನ್ನು ಅವಲಂಬಿಸಿದೆ. ನಂಬಿಕೆ ಇರುವವರ ಜೊತೆ ಅರ್ಧ ಗಂಟೆ ಕೂತು ಮಾತಾಡಿದರೆ ಮನಸ್ಸು ತಿಳಿಯಾಗುತ್ತದೆ ಎನ್ನುವುದಕ್ಕೆ ರಾಸಾಯನಿಕದ ಸಾಕ್ಷಿ ಬೇಕಿಲ್ಲ.

ಮದ್ಯದ ವಿಷಯ ಬಿಡಿಸಿ ಹೇಳಲೇಬೇಕು. ಅದು ಮೆದುಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಕೆಲಸ ಹೆಚ್ಚಿಸುತ್ತದೆ, ಕೆಣಕುವ ಗ್ಲುಟಮೇಟ್ ಅನ್ನು ಅದುಮುತ್ತದೆ. ಅದಕ್ಕೇ ಆ ಕ್ಷಣಕ್ಕೆ ಆತಂಕ ಇಳಿದಂತೆ ಕಾಣುತ್ತದೆ. ಮೆದುಳು ಸಮತೋಲ ತರಲು ಉಲ್ಟಾ ದಿಕ್ಕಿಗೆ ತಳ್ಳುತ್ತದೆ. ನಶೆ ಇಳಿದ ಮೇಲೂ ಆ ತಳ್ಳಾಟ ಉಳಿಯುತ್ತದೆ. ಮರುದಿನದ ಎದೆಬಡಿತ, ಕಾರಣವಿಲ್ಲದ ಭಯ ಬರುವುದು ಹಾಗೆ. ಬಹಳ ಕಾಲದಿಂದ ದಿನಾ ಹೆಚ್ಚು ಕುಡಿಯುತ್ತಿರುವವರು ಮಾತ್ರ ಒಮ್ಮೆಗೇ ನಿಲ್ಲಿಸಬಾರದು, ಫಿಟ್ಸ್ ಬರುವ ಅಪಾಯವಿದೆ. ವೈದ್ಯರ ನೆರವಿನಿಂದ ನಿಲ್ಲಿಸಬೇಕು.

ಹೆಜ್ಜೆ 6: ಎರಡು ವಾರ ದಾಟಿದರೆ ವೈದ್ಯರ ಬಳಿ ಹೋಗಿ

ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿ, ಎರಡು ವಾರ ಹಾಗೆಯೇ ಇದ್ದರೆ ಇನ್ನು ಕಾಯಬೇಡಿ. ಸಾಯುವ ಯೋಚನೆ ಬಂದಿದ್ದರೆ ಎರಡು ವಾರದ ಲೆಕ್ಕವೂ ಬೇಡ, ಇವತ್ತೇ ಒಬ್ಬರಿಗೆ ಹೇಳಿ, ನೆರವು ಪಡೆಯಿರಿ.

ಥೈರಾಯ್ಡ್ ಕಡಿಮೆಯಾಗುವುದು, ಬಿ12 ಕೊರತೆ, ರಕ್ತಹೀನತೆ ಇವೆಲ್ಲ ಖಿನ್ನತೆಯಂತೆಯೇ ಕಾಣಿಸಬಹುದು. ಇವನ್ನು ರಕ್ತ ಪರೀಕ್ಷೆಯಿಂದ ಕಂಡುಹಿಡಿಯಬಹುದು. ಮೆದುಳಿನ ಸೆರೊಟೋನಿನ್ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಅಂಥ ಪರೀಕ್ಷೆ ಮಾಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಸೆರೊಟೋನಿನ್ ಕಡಿಮೆಯಾಗುವುದರಿಂದಲೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು 2022ರಲ್ಲಿ ಬಂದ ದೊಡ್ಡ ಪರಿಶೀಲನೆಯೊಂದು ಹೇಳಿತು. ಇದನ್ನು ಓದಿ ‘ಹಾಗಾದರೆ ಮಾತ್ರೆ ದಂಡ’ ಎಂದುಕೊಳ್ಳಬೇಡಿ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳು ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ವ್ಯವಹಾರವನ್ನು ಬದಲಿಸುತ್ತವೆ. ಆದರೆ ಮನಸ್ಸಿಗೆ ಅದರ ಫಲ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಮೆದುಳು ನಿಧಾನವಾಗಿ ತನ್ನನ್ನು ಹೊಂದಿಸಿಕೊಳ್ಳುತ್ತಾ ಹೋಗುವುದು ಅದಕ್ಕೆ ಕಾರಣ. ಕಾರಣದ ಒಂದು ವಿವರಣೆ ಬಿದ್ದುಹೋದರೆ ಔಷಧದಿಂದ ಚೇತರಿಸಿಕೊಂಡವರ ಚೇತರಿಕೆ ಸುಳ್ಳಾಗುವುದಿಲ್ಲ.

ಮಾತ್ರೆಯನ್ನು ತಾವಾಗಿಯೇ ಒಮ್ಮೆಗೇ ನಿಲ್ಲಿಸಬೇಡಿ. ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಕಾಡಬಹುದು. ಮೂಡ್‌ಗೆ ಒಳ್ಳೆಯದು ಎಂದು ಮಾರುವ 5-ಎಚ್‌ಟಿಪಿ ಅಥವಾ ಸೇಂಟ್ ಜಾನ್ಸ್ ವೋರ್ಟ್ ಎಂಬ ಗಿಡಮೂಲಿಕೆ ಈ ಮಾತ್ರೆಗಳ ಜೊತೆ ಸೇರಿದರೆ ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಹೋಗಬಹುದು. ವೈದ್ಯರಲ್ಲಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಯಾವಾಗಿನಿಂದ ಹೀಗಿದೆ, ನಿದ್ದೆ ಹೇಗಿದೆ, ಹಸಿವು ಹೇಗಿದೆ, ಮದ್ಯ ಎಷ್ಟು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ, ಮತ್ತು ಅಂಗಡಿಯಿಂದ ತಾವೇ ತಂದುಕೊಂಡ ಮಾತ್ರೆಗಳೂ ಸೇರಿ ಈಗ ನುಂಗುತ್ತಿರುವುದು ಏನೇನು.